ಇಮ್ಮೊಬಿಲೈಸರ್ ಇರುವ ಕಾರಿಗೆ ರಿಮೋಟ್ ಸ್ಟಾರ್ಟರ್ ಕೂಡಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ರಿಮೋಟ್ ಸ್ಟಾರ್ಟರ್ (ದೂರದಿಂದಲೇ ಬಟನ್ ಒತ್ತಿ ಇಂಜಿನ್ ಹತ್ತಿಸುವ ಸಾಧನ) ಕಿಟ್ ತಂದು ಕೂಡಿಸಿದವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಬಟನ್ ಒತ್ತಿದರೆ ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹತ್ತುತ್ತದೆ, ಎರಡು ಸೆಕೆಂಡಿನೊಳಗೆ ಆಫ್ ಆಗುತ್ತದೆ. ಮೀಟರಿನಲ್ಲಿ ಚಾವಿಯ ಗುರುತಿನ ದೀಪ ಮಿಟುಕುತ್ತಿರುತ್ತದೆ. ಕಿಟ್ ಕೆಟ್ಟಿದೆ ಎಂದು ಬದಲಾಯಿಸಿ ತಂದರೂ ಅದೇ ಕಥೆ. ಕಿಟ್ಟಿನಲ್ಲಿ ದೋಷವಿಲ್ಲ. ಕೆಲಸದ ಕ್ರಮ ತಪ್ಪಿದೆ.

ಎಲ್ಲರೂ ಮೊದಲು ಸೆಲ್ಫ್ ಮತ್ತು ಇಗ್ನಿಷನ್ ವೈರ್ ಹುಡುಕುತ್ತಾರೆ, ಇಮ್ಮೊಬಿಲೈಸರ್ (ಸರಿಯಾದ ಚಾವಿಯ ಚಿಪ್ಪು ಇಲ್ಲದೆ ಇಂಜಿನ್ ಓಡಲು ಬಿಡದ ಕಳವು-ತಡೆ ವ್ಯವಸ್ಥೆ) ಅನ್ನು ಕೊನೆಗೆ ನೋಡೋಣ ಎನ್ನುತ್ತಾರೆ, ಬ್ರೇಕ್ ಮತ್ತು ಬಾನೆಟ್ ವೈರ್ ಬಿಟ್ಟೇಬಿಡುತ್ತಾರೆ. ಸರಿಯಾದ ಕ್ರಮ ಇದಕ್ಕೆ ಉಲ್ಟಾ. ಮೊದಲು ಚಾವಿಯ ಚಿಪ್ಪು ಸಿದ್ಧಮಾಡಿಕೊಳ್ಳುವುದು, ಆಮೇಲೆ ಇಂಜಿನ್ ನಿಲ್ಲಿಸುವ ವೈರ್‌ಗಳು, ಕೊನೆಗೆ ಇಂಜಿನ್ ಹತ್ತಿಸುವ ವೈರ್‌ಗಳು ಮತ್ತು ಆ ಚಿಪ್ಪಿನ ಜೋಡಣೆ. ಇಡೀ ಕೆಲಸಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ದಿನ ಬರೀ ಅಳತೆಗೇ ಬೇಕು.

ಹಂತ 1: ಗೇರ್‌ಬಾಕ್ಸ್ ನೋಡಿ ತೀರ್ಮಾನಿಸಿ

ಕಿಟ್ ಕೊಳ್ಳುವ ಮೊದಲೇ ಇದು ಆಗಬೇಕು. ಗೇರ್ ಲಿವರಿನಲ್ಲಿ ‘ಪಿ’ (ಪಾರ್ಕ್) ಇರುವ ಆಟೋಮ್ಯಾಟಿಕ್ ಗಾಡಿ (ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ) ಈ ಕೆಲಸಕ್ಕೆ ಸರಿಯಾದದ್ದು. ‘ಪಿ’ಯಲ್ಲಿ ಗಾಡಿ ತಾನಾಗಿ ಚಲಿಸುವುದಿಲ್ಲ, ಗೇರಿನಲ್ಲಿದ್ದರೆ ಸೆಲ್ಫ್ ಹೊಡೆಯುವುದಿಲ್ಲ.

ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ ಬಗೆ) ಗಾಡಿಗೆ ಹಾಕಬೇಡಿ. ಬಹುತೇಕ ಎಎಂಟಿಗಳಲ್ಲಿ ‘ಪಿ’ ಇಲ್ಲ, ಸ್ಟಾರ್ಟ್ ಮಾಡಲು ಬ್ರೇಕ್ ತುಳಿಯಲೇಬೇಕು. ರಿಮೋಟ್ ಕೆಲಸ ಮಾಡಬೇಕೆಂದರೆ ಬ್ರೇಕ್ ತುಳಿದಂತೆ ಸುಳ್ಳು ಸಿಗ್ನಲ್ ಕೊಡಬೇಕು. ಹಾಗೆ ಕೊಟ್ಟರೆ, ತುರ್ತಿನಲ್ಲಿ ಬ್ರೇಕ್ ತುಳಿದು ಇಂಜಿನ್ ನಿಲ್ಲಿಸುವ ವ್ಯವಸ್ಥೆಯೇ ನಂಬಿಕೆಗೆ ಉಳಿಯುವುದಿಲ್ಲ.

ಮ್ಯಾನ್ಯುಯಲ್ ಗೇರಿನ ಗಾಡಿಗೆ ಒಂದೇ ಷರತ್ತಿನ ಮೇಲೆ ಹಾಕಬಹುದು: ಕಿಟ್ಟಿನಲ್ಲಿ ‘ರಿಸರ್ವೇಷನ್ ಮೋಡ್’ ಇರಬೇಕು. ಗಾಡಿ ನಿಲ್ಲಿಸುವಾಗ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಓಡುತ್ತಿರುವಾಗಲೇ ಚಾವಿ ತೆಗೆದು, ಕೆಳಗಿಳಿದು ಬಾಗಿಲು ಮುಚ್ಚಿ ಲಾಕ್ ಮಾಡಿದ ಮೇಲೆ ಇಂಜಿನ್ ನಿಲ್ಲುತ್ತದೆ. ಚಾವಿ ತೆಗೆದ ಮೇಲೂ ಇಂಜಿನ್ ಓಡಿದೆ, ಒಳಗೆ ಯಾರೂ ಇಲ್ಲ ಎಂದರೆ ಗೇರ್ ನ್ಯೂಟ್ರಲ್‌ನಲ್ಲಿದೆ ಎಂದೇ ಅರ್ಥ. ಆಮೇಲೆ ಯಾರಾದರೂ ಬಾಗಿಲು ತೆರೆದರೆ ಕಿಟ್ ಆ ಅನುಮತಿಯನ್ನು ರದ್ದು ಮಾಡುತ್ತದೆ, ರಿಮೋಟಿನಿಂದ ಸ್ಟಾರ್ಟ್ ಆಗುವುದಿಲ್ಲ. ಈ ಮೋಡ್ ಇಲ್ಲದ ಅಗ್ಗದ ಕಿಟ್ಟನ್ನು ಮ್ಯಾನ್ಯುಯಲ್ ಗಾಡಿಗೆ ಹಾಕಲೇಬಾರದು. ಧಾರವಾಡದ ಏರಿಳಿತದ ರಸ್ತೆಗಳಲ್ಲಿ ಗಾಡಿಯನ್ನು ಗೇರಿನಲ್ಲೇ ಬಿಟ್ಟು ಇಳಿಯುವುದು ಬಹಳ ಮಂದಿಗೆ ರೂಢಿ. ಅಂಥ ಗಾಡಿಗೆ ರಿಮೋಟಿನಿಂದ ಸೆಲ್ಫ್ ಹೊಡೆದರೆ ಅದು ಮುಂದಕ್ಕೆ ಜಿಗಿಯುತ್ತದೆ, ಎದುರಿಗೆ ಯಾರಿದ್ದಾರೆ ಎಂದು ನೋಡುವುದಿಲ್ಲ. ಇಳಿಜಾರಿನಲ್ಲೇ ನಿಲ್ಲಿಸಬೇಕಾದ ಮನೆಯಾದರೆ ಮ್ಯಾನ್ಯುಯಲ್ ಗಾಡಿಗೆ ರಿಮೋಟ್ ಸ್ಟಾರ್ಟರ್ ಬೇಡವೇ ಬೇಡ.

ಪುಶ್ ಬಟನ್ ಸ್ಟಾರ್ಟ್ ಇರುವ ಗಾಡಿಗಳ ಕೆಲಸ ಬೇರೆ. ಅಲ್ಲಿ ಸ್ಮಾರ್ಟ್ ಚಾವಿಯನ್ನೇ ಒಳಗೆ ಬಚ್ಚಿಡಬೇಕು, ಇಲ್ಲವೇ ಆ ಮಾಡೆಲ್ಲಿಗೇ ಮಾಡಿದ ಡೇಟಾ ಮಾಡ್ಯೂಲ್ ಬೇಕು. ಅಂಥ ಗಾಡಿಯಿದ್ದರೆ ಮೊದಲು ಮಾಲೀಕರ ಕೈಪಿಡಿ ತೆಗೆದು ನೋಡಿ. ಕಂಪನಿಯ ಆ್ಯಪ್‌ನಲ್ಲೋ ರಿಮೋಟಿನಲ್ಲೋ ಇಂಜಿನ್ ಸ್ಟಾರ್ಟ್ ಸೌಲಭ್ಯ ಆಗಲೇ ಇರಬಹುದು. ಈ ಮಾರ್ಗದರ್ಶಿ ಚಾವಿ ತಿರುಗಿಸಿ ಸ್ಟಾರ್ಟ್ ಮಾಡುವ ಗಾಡಿಗಳಿಗೆ ಮಾತ್ರ.

ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಈಗಲೇ ಯೋಚಿಸಿ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ನಿಂತ ಗಾಡಿಯ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಇಲ್ಲದಿದ್ದರೆ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಮನೆ ಮುಂದಿನ ರಸ್ತೆಯಲ್ಲೇ ಗಾಡಿ ನಿಲ್ಲಿಸುವವರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ರಿಮೋಟ್ ಸ್ಟಾರ್ಟ್ ಸ್ವಂತ ಕಾಂಪೌಂಡಿನೊಳಗೆ, ಅದೂ ತೆರೆದ ಜಾಗದಲ್ಲಿ ಮಾತ್ರ. ಶಟರ್ ಹಾಕಿದ ಗ್ಯಾರೇಜಿನಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಉಸಿರಾಡಿದವರಿಗೆ ಪ್ರಜ್ಞೆ ತಪ್ಪುವವರೆಗೂ ಗೊತ್ತಾಗದೇ ಹೋಗಬಹುದು.

ಹಂತ 2: ಮೂರನೇ ಚಾವಿ ಮಾಡಿಸಿ

ಚಾವಿಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಸಣ್ಣ ಚಿಪ್ಪು ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಇಗ್ನಿಷನ್ ತೂತಿನ ಸುತ್ತ ಇರುವ ಸುರುಳಿಯ ರಿಂಗ್ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಚಿಪ್ಪಿಗೆ ಶಕ್ತಿ ಕೊಡುತ್ತದೆ, ಚಿಪ್ಪು ತನ್ನ ಕೋಡ್ ಹೇಳುತ್ತದೆ, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದನ್ನು ತಾಳೆ ನೋಡುತ್ತದೆ. ಕೋಡ್ ಸಿಗದಿದ್ದರೆ ಇಂಧನ ನಿಲ್ಲಿಸುತ್ತದೆ. ಎರಡು ಸೆಕೆಂಡಿಗೆ ಇಂಜಿನ್ ಆಫ್ ಆಗುವುದು ಇದೇ ಕಾರಣಕ್ಕೆ. ಕೆಲವು ಗಾಡಿಗಳಲ್ಲಿ ಸೆಲ್ಫ್ ಕೂಡ ಹೊಡೆಯುವುದಿಲ್ಲ.

ರಿಮೋಟಿನಿಂದ ಸ್ಟಾರ್ಟ್ ಆಗುವಾಗ ತೂತಿನಲ್ಲಿ ಚಾವಿ ಇರುವುದಿಲ್ಲವಲ್ಲ, ಆಗ ಆ ಕೋಡ್ ಹೇಳಲು ಇನ್ನೊಂದು ಚಿಪ್ಪು ಬೇಕು. ಇಲ್ಲಿ ಬಹುತೇಕರು ಗಾಡಿಯ ಜೊತೆ ಬಂದ ಎರಡನೇ ಚಾವಿಯನ್ನೇ ಡ್ಯಾಶ್‌ಬೋರ್ಡ್ ಒಳಗೆ ಇಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಗಾಡಿ ಕಳುವಾದರೆ ವಿಮಾ ಕಂಪನಿಯವರು ಕ್ಲೇಮಿಗೆ ಎರಡೂ ಮೂಲ ಚಾವಿ ಕೇಳುತ್ತಾರೆ. ಒಂದು ಚಾವಿ ಕಳುವಾದ ಗಾಡಿಯೊಳಗೇ ಇದೆ ಎಂದರೆ ಕ್ಲೇಮ್ ಅಲ್ಲಿಗೇ ಸಿಕ್ಕಿಬೀಳುತ್ತದೆ. ಗಾಡಿಯ ಆರ್‌ಸಿ ಮತ್ತು ಗುರುತಿನ ಚೀಟಿ ಒಯ್ದು ಶೋರೂಮಿನಲ್ಲಿ ಮೂರನೇ ಚಾವಿ ಪ್ರೋಗ್ರಾಮ್ ಮಾಡಿಸಿ, ಅಥವಾ ಚಿಪ್ಪು ನಕಲು ಮಾಡುವ ನಂಬಿಕಸ್ಥ ಚಾವಿಯವರ ಬಳಿ ಹೋಗಿ. ಎರಡು ಮೂಲ ಚಾವಿ ಮನೆಯಲ್ಲಿರಲಿ. ರಿಮೋಟ್ ಸ್ಟಾರ್ಟರ್ ಹಾಕಿಸುತ್ತಿದ್ದೇವೆಂದು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ವಾರಂಟಿ ಉಳಿದಿರುವ ಗಾಡಿಯಾದರೆ ವೈರಿಂಗ್ ಮುಟ್ಟಿದ ಮೇಲೆ ಎಲೆಕ್ಟ್ರಿಕಲ್ ವಾರಂಟಿ ಏನಾಗುತ್ತದೆ ಎಂದು ಶೋರೂಮಿನಲ್ಲೇ ಕೇಳಿಕೊಳ್ಳಿ.

ಚಾವಿಯವರಿಂದ ಇನ್ನೊಂದು ವಸ್ತುವನ್ನೂ ಮಾಡಿಸಿಕೊಳ್ಳಿ: ಚಿಪ್ಪಿಲ್ಲದ, ಬರೀ ಲೋಹದ ಚಾವಿ. ಇದು ಈ ಕೆಲಸದಲ್ಲಿ ಎರಡು ಸಲ ಬೇಕಾಗುತ್ತದೆ. ಮೊದಲ ಸಲ ಈಗಲೇ. ಲೋಹದ ಚಾವಿಯಿಂದ ಸ್ಟಾರ್ಟ್ ಮಾಡಿ ನೋಡಿ, ಇಂಜಿನ್ ಹತ್ತಬಾರದು ಅಥವಾ ಹತ್ತಿ ಆಫ್ ಆಗಬೇಕು. ಆಮೇಲೆ ಮೂರನೇ ಚಾವಿಯ ತಲೆಯನ್ನು ರಿಂಗಿಗೆ ತಾಗುವಷ್ಟು ಹತ್ತಿರ ಹಿಡಿದು ಲೋಹದ ಚಾವಿಯಿಂದಲೇ ಸ್ಟಾರ್ಟ್ ಮಾಡಿ. ಇಂಜಿನ್ ಹತ್ತಿ ಹಾಗೇ ಓಡುತ್ತಿದ್ದರೆ ಚಿಪ್ಪು ಸರಿಯಾಗಿದೆ. ಇಲ್ಲವೆಂದರೆ ಇಲ್ಲಿಗೇ ನಿಲ್ಲಿಸಿ ಚಾವಿಯವರ ಬಳಿ ವಾಪಸ್ ಹೋಗಿ. ಕೆಲವು ಗಾಡಿಗಳು ತಪ್ಪು ಚಾವಿಯನ್ನು ಹಲವು ಸಲ ಕಂಡರೆ ಸ್ವಲ್ಪ ಹೊತ್ತು ಬಂದ್ ಆಗುತ್ತವೆ, ಹಾಗಾಗಿ ಲೋಹದ ಚಾವಿಯ ಪ್ರಯತ್ನ ಎರಡಕ್ಕಿಂತ ಹೆಚ್ಚು ಬೇಡ.

ಹಂತ 3: ಸಾಮಾನು ಕೂಡಿಸಿಕೊಳ್ಳಿ

ಡಿಜಿಟಲ್ ಮಲ್ಟಿಮೀಟರ್ ಮೊದಲನೆಯದು. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಹೊರಗೆ ತೆಗೆಯಲೇಬೇಡಿ. ಅದು ಎಳೆಯುವ ಕರೆಂಟಿಗೆ ಇಸಿಯು ವೈರ್ ಸುಡಬಹುದು, ಏರ್‌ಬ್ಯಾಗ್ ವೈರಿಗೆ ತಾಗಿದರೆ ಏರ್‌ಬ್ಯಾಗೇ ಸಿಡಿಯಬಹುದು.

60 ವ್ಯಾಟ್ ಸೋಲ್ಡರಿಂಗ್ ಐರನ್, ರೋಸಿನ್ ಇರುವ ಸೋಲ್ಡರ್, ಬೇರೆ ಬೇರೆ ಅಳತೆಯ ಹೀಟ್ ಶ್ರಿಂಕ್ ಸ್ಲೀವ್, ವೈರಿಂಗಿಗೆ ಸುತ್ತುವ ಬಟ್ಟೆಯ ಟೇಪ್, ಕೇಬಲ್ ಟೈ, 10 ನಂಬರ್ ಪಾನಾ, ಪ್ಲಾಸ್ಟಿಕ್ ಪ್ಯಾನೆಲ್ ಬಿಚ್ಚುವ ಕಡ್ಡಿಗಳು. ಕಪ್ಪು ಪಿವಿಸಿ ಟೇಪ್ ತರಬೇಡಿ. ಏಪ್ರಿಲ್–ಮೇ ಬಿಸಿಲಿಗೆ ಅದರ ಗೋಂದು ಕರಗಿ ಜಾರುತ್ತದೆ, ಜೋಡಣೆ ಬೆತ್ತಲಾಗುತ್ತದೆ.

ವೈರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಬ್ಯಾಟರಿಯಿಂದ ಬರುವ ಪ್ಲಸ್, ಅರ್ಥ್ ಮತ್ತು ಸೆಲ್ಫಿಗೆ 4 ಚದರ ಮಿ.ಮೀ., ಇಗ್ನಿಷನ್ ಮತ್ತು ಎಸಿಸಿಗೆ (ರೇಡಿಯೋದಂಥವಕ್ಕೆ ಕರೆಂಟ್ ಕೊಡುವ ವೈರ್) 2.5 ಚದರ ಮಿ.ಮೀ., ಸಿಗ್ನಲ್ ವೈರ್‌ಗಳಿಗೆ 0.5 ಚದರ ಮಿ.ಮೀ. ಕಿಟ್ ಹೇಳಿದ ಅಳತೆಯ ಫ್ಯೂಸ್ ಹೋಲ್ಡರ್ (ಸಾಮಾನ್ಯವಾಗಿ 30 ಆಂಪ್), ಒಂದೆರಡು 5 ಪಿನ್ನಿನ 30/40 ಆಂಪ್ ರಿಲೇ, ನಾಲ್ಕು 1ಎನ್4007 ಡಯೋಡ್ ಜೊತೆಗಿರಲಿ. ಗದಗ, ಹಾವೇರಿ ಕಡೆ ಹೊಲಮನೆ ಅಥವಾ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಬಾನೆಟ್ ಕಡೆ ಹೋಗುವ ಎಲ್ಲ ವೈರಿಗೂ ಸುಕ್ಕುಪೈಪ್ ಹಾಕಿ, ಇಲಿಗಳು ಮೊದಲು ಕಡಿಯುವುದು ಹೊರಗೆ ಜೋತಾಡುವ ಹೊಸ ವೈರನ್ನೇ.

ಕಿಟ್ಟಿನ ಜೊತೆ ಬಾನೆಟ್ ಸ್ವಿಚ್ ಮತ್ತು ಇಮ್ಮೊಬಿಲೈಸರ್ ಬೈಪಾಸ್ ಡಬ್ಬಿ (ರಿಮೋಟ್ ಸ್ಟಾರ್ಟಿನ ವೇಳೆ ಮೂರನೇ ಚಾವಿಯ ಕೋಡನ್ನು ಇಗ್ನಿಷನ್ ರಿಂಗಿಗೆ ತಲುಪಿಸುವುದು) ಬಂದಿದೆಯೇ ನೋಡಿ. ಬೈಪಾಸ್ ಹೆಚ್ಚಾಗಿ ಬೇರೆ ಕೊಳ್ಳಬೇಕು.

ಹಂತ 4: ವೈರ್ ಗುರುತಿಸಿ, ಬರೆದಿಡಿ

ಇದೇ ಅತಿ ಮುಖ್ಯ ಹಂತ. ಬಣ್ಣ ನಂಬಿ ವೈರ್ ಕತ್ತರಿಸಬೇಡಿ. ಒಂದೇ ಮಾಡೆಲ್ಲಿನಲ್ಲೂ ವರ್ಷ ಬದಲಾದರೆ ಬಣ್ಣ ಬದಲಾಗುತ್ತದೆ. ಪ್ರತಿ ವೈರನ್ನೂ ಮೀಟರಿನಿಂದಲೇ ಪತ್ತೆ ಹಚ್ಚಿ.

ಸ್ಟೀರಿಂಗ್ ಕೆಳಗಿನ ಪ್ಯಾನೆಲ್ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆದು 10 ನಿಮಿಷ ಕಾಯಿರಿ. ಹಳದಿ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಅಥವಾ ಹಳದಿ ಸ್ಲೀವ್ ಕಂಡರೆ ಅದು ಏರ್‌ಬ್ಯಾಗಿನದು, ಬಿಚ್ಚಬೇಡಿ, ಚುಚ್ಚಬೇಡಿ, ಅದರ ಮೇಲೆ ಏನನ್ನೂ ಕಟ್ಟಬೇಡಿ. ಪ್ಯಾನೆಲ್ ಬಂದ ಮೇಲೆ ಟರ್ಮಿನಲ್ ಮತ್ತೆ ಹಾಕಿ ಅಳತೆ ಶುರುಮಾಡಿ. ಮೀಟರಿನ ಕಪ್ಪು ಕಡ್ಡಿ ಗಾಡಿಯ ಬರೀ ಲೋಹಕ್ಕೆ ತಾಗಿರಲಿ, ಕೆಂಪು ಕಡ್ಡಿಯನ್ನು ಕಪ್ಲರಿನ ಹಿಂಬದಿಯಿಂದ ತೂರಿಸಿ.

ಇಗ್ನಿಷನ್ ಸ್ವಿಚ್ಚಿನ ದಪ್ಪ ವೈರ್‌ಗಳಲ್ಲಿ ನಾಲ್ಕು ಬಗೆ ಇರುತ್ತವೆ. ಚಾವಿ ತೆಗೆದರೂ 12 ವೋಲ್ಟ್ ತೋರಿಸುವುದು ಬ್ಯಾಟರಿ ಪ್ಲಸ್. ಎಸಿಸಿ ಸ್ಥಾನದಲ್ಲಿ 12 ತೋರಿಸಿ ಸೆಲ್ಫ್ ಹೊಡೆಯುವಾಗ ಸೊನ್ನೆಗೆ ಬೀಳುವುದು ಎಸಿಸಿ. ಆನ್‌ನಲ್ಲೂ 12, ಸೆಲ್ಫ್ ಹೊಡೆಯುವಾಗಲೂ ಹೆಚ್ಚು ಕಡಿಮೆ ಹಾಗೇ ಉಳಿಯುವುದು ಮುಖ್ಯ ಇಗ್ನಿಷನ್. ಸೆಲ್ಫ್ ಹೊಡೆಯುವಾಗ ಮಾತ್ರ 12 ಬಂದು ಚಾವಿ ಬಿಟ್ಟೊಡನೆ ಸೊನ್ನೆಯಾಗುವುದು ಸೆಲ್ಫ್ ವೈರ್. ಇವುಗಳ ನಡುವೆ ಆನ್‌ನಲ್ಲಿ 12 ಇದ್ದು ಸೆಲ್ಫ್ ಹೊಡೆಯುವಾಗ ಬೀಳುವ ಇನ್ನೊಂದು ವೈರ್ ಕಂಡರೆ ಅದು ಎರಡನೇ ಇಗ್ನಿಷನ್. ಎಸಿ ಮತ್ತು ಬ್ಲೋವರಿಗೆ ಕರೆಂಟ್ ಹೋಗುವುದು ಹೆಚ್ಚಾಗಿ ಅದರಿಂದಲೇ. ಇದನ್ನು ಬಿಟ್ಟರೆ ಇಂಜಿನ್ ಓಡುತ್ತದೆ, ಎಸಿ ಮಾತ್ರ ಓಡುವುದಿಲ್ಲ. ಬೇಸಿಗೆಗೆಂದು ಹಾಕಿದ ರಿಮೋಟ್ ಆಗ ಯಾವ ಉಪಯೋಗಕ್ಕೂ ಬರುವುದಿಲ್ಲ.

ಸಣ್ಣ ವೈರ್‌ಗಳು ಹೀಗೆ: ಪೆಡಲ್ ತುಳಿದಾಗ ಮಾತ್ರ 12 ವೋಲ್ಟ್ ಬರುವುದು ಬ್ರೇಕ್ ವೈರ್, ಪೆಡಲ್ ಮೇಲಿನ ಸ್ವಿಚ್ಚಿನಲ್ಲಿ ಸಿಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಾಗ ಅರ್ಥ್ ಆಗುವುದು ಹ್ಯಾಂಡ್‌ಬ್ರೇಕ್ ವೈರ್. ಬಾಗಿಲು ತೆರೆದಾಗ ಅರ್ಥ್ ಆಗುವುದು ಡೋರ್ ವೈರ್. ಆರ್‌ಪಿಎಂ (ಇಂಜಿನ್ ತಿರುಗುವ ವೇಗ ಹೇಳುವ) ವೈರಿಗೆ ಮೀಟರನ್ನು ಎಸಿ ವೋಲ್ಟ್ (ಪರ್ಯಾಯ ವಿದ್ಯುತ್) ಸ್ಥಾನಕ್ಕೆ ತಿರುಗಿಸಿ. ಐಡಲ್‌ನಲ್ಲಿ ಸುಮಾರು 1ರಿಂದ 6 ವೋಲ್ಟ್ ತೋರಿಸಿ, ಆಕ್ಸಿಲರೇಟರ್ ಒತ್ತಿದಂತೆ ಏರಿದರೆ ಅದೇ. ಒಂದು ಇಂಜೆಕ್ಟರಿನ ಬಳಿ ಅಥವಾ ಇಗ್ನಿಷನ್ ಕಾಯಿಲಿನ ಬಳಿ ಸಿಗುತ್ತದೆ.

ಒಂದಕ್ಕೊಂದು ಹೆಣೆದ ಎರಡು ತೆಳು ವೈರ್ ಕಂಡು ಎರಡರಲ್ಲೂ 2.5 ವೋಲ್ಟಿನ ಆಸುಪಾಸು ತೋರಿಸಿದರೆ ಅದು ಕ್ಯಾನ್ ಜೋಡಿ. ಇಡೀ ಗಾಡಿಯ ಕಂಪ್ಯೂಟರುಗಳು ಅದರ ಮೇಲೆಯೇ ಮಾತಾಡಿಕೊಳ್ಳುತ್ತವೆ, ಚಾವಿ-ಡಬ್ಬಿ ಬಗೆಯ ಬೈಪಾಸಿಗೆ ಅದು ಬೇಕಾಗಿಲ್ಲ. ಮುಟ್ಟಬೇಡಿ.

ಕಂಡುಹಿಡಿದ ಪ್ರತಿ ವೈರಿನ ಬಣ್ಣ, ಕಪ್ಲರ್, ಅಳತೆ ಎಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಈ ಹಾಳೆ ತುಂಬುವವರೆಗೆ ಸೋಲ್ಡರಿಂಗ್ ಐರನ್ ಪ್ಲಗ್ಗಿಗೆ ಹಾಕಬೇಡಿ.

ಹಂತ 5: ನಿಲ್ಲಿಸುವ ವೈರ್‌ಗಳು ಮೊದಲು

ಬ್ಯಾಟರಿ ಮೈನಸ್ ಮತ್ತೆ ತೆಗೆಯಿರಿ. ಈಗ ಜೋಡಣೆ.

ಮೊದಲ ಜೋಡಣೆ ಬ್ರೇಕ್. ಪೆಡಲ್ ತುಳಿದೊಡನೆ ಇಂಜಿನ್ ನಿಲ್ಲಬೇಕು, ಚಾವಿ ಇಲ್ಲದ ಕಳ್ಳ ಗಾಡಿ ಓಡಿಸಿಕೊಂಡು ಹೋಗದಂತೆ ತಡೆಯುವುದು ಇದೇ. ಎರಡನೆಯದು ಬಾನೆಟ್ ಸ್ವಿಚ್. ಮೆಕ್ಯಾನಿಕ್ ಬಾನೆಟ್ ಎತ್ತಿ ಬೆಲ್ಟ್ ಬಳಿ ಕೈಯಿಟ್ಟಿರುವಾಗ ಮನೆಯೊಳಗೆ ಮಗು ರಿಮೋಟ್ ಒತ್ತಿದರೆ ಬೆರಳು ಉಳಿಯುವುದಿಲ್ಲ. ಸ್ವಿಚ್ಚನ್ನು ನೀರು ಹರಿಯುವ ದಂಡೆಯಲ್ಲಿ ಕೂಡಿಸಬೇಡಿ. ಧಾರವಾಡದ ಮಳೆಗಾಲದಲ್ಲಿ ತುಕ್ಕು ಹಿಡಿದು ಸದಾ ‘ಬಾನೆಟ್ ತೆರೆದಿದೆ’ ಎಂದು ಹೇಳುತ್ತಿರುತ್ತದೆ, ರಿಮೋಟ್ ಕೆಲಸ ಮಾಡುವುದಿಲ್ಲ. ಆಗ ಕೆಲವರು ಆ ವೈರನ್ನೇ ಕಿತ್ತು ಬಿಡುತ್ತಾರೆ. ಸ್ವಿಚ್ ಬದಲಿಸಿ, ವೈರ್ ಕೀಳಬೇಡಿ.

ಮ್ಯಾನ್ಯುಯಲ್ ಗಾಡಿಗೆ ಹ್ಯಾಂಡ್‌ಬ್ರೇಕ್ ಮತ್ತು ಎಲ್ಲ ಬಾಗಿಲುಗಳ ವೈರ್ ಕಡ್ಡಾಯ. ಪ್ರತಿ ಬಾಗಿಲಿಗೂ ಬೇರೆ ವೈರ್ ಇದ್ದರೆ ಒಂದೊಂದಕ್ಕೂ ಡಯೋಡ್ ಹಾಕಿ ಒಂದು ಮಾಡಿ. ಡಯೋಡಿನ ಬಿಳಿ ಪಟ್ಟಿ ಬಾಗಿಲಿನ ಕಡೆಗಿರಲಿ. ಡಯೋಡ್ ಇಲ್ಲದೆ ಕಟ್ಟಿದರೆ ಯಾವ ಬಾಗಿಲು ತೆರೆದರೂ ಎಲ್ಲ ಬಾಗಿಲು ತೆರೆದಂತೆ ತೋರಿಸುತ್ತದೆ. ಕೆಲವು ಕಿಟ್ಟಿನಲ್ಲಿ ಮ್ಯಾನ್ಯುಯಲ್–ಆಟೋಮ್ಯಾಟಿಕ್ ಆಯ್ಕೆಗೆ ಕತ್ತರಿಸುವ ಒಂದು ಲೂಪ್ ವೈರ್ ಇರುತ್ತದೆ. ಮ್ಯಾನ್ಯುಯಲ್ ಗಾಡಿಗೆ ಹಾಕುವಾಗ ಅದನ್ನು ಆಟೋಮ್ಯಾಟಿಕ್ ಎಂದು ಸೆಟ್ ಮಾಡಿ ರಿಸರ್ವೇಷನ್ ಕಿರಿಕಿರಿ ತಪ್ಪಿಸಿಕೊಳ್ಳುವವರಿದ್ದಾರೆ. ಈ ಕೆಲಸದಲ್ಲಿ ಇದಕ್ಕಿಂತ ಅಪಾಯದ ಅಡ್ಡದಾರಿ ಇನ್ನೊಂದಿಲ್ಲ.

ಹಂತ 6: ಅರ್ಥ್, ಪವರ್, ಇಗ್ನಿಷನ್

ಅರ್ಥ್ ವೈರನ್ನು ಡ್ಯಾಶ್‌ಬೋರ್ಡಿನ ಯಾವುದೋ ಸ್ಕ್ರೂಗೆ ಸಿಕ್ಕಿಸಬೇಡಿ. ಗಾಡಿಯ ಬಾಡಿಯೊಂದಿಗೆ ಬೆಸೆದ ಲೋಹದ ಮೇಲಿನ ಬಣ್ಣ ಕೆರೆದು, ರಿಂಗ್ ಟರ್ಮಿನಲ್ ಹಾಕಿ ಬೋಲ್ಟ್ ಬಿಗಿ ಮಾಡಿ. ಎಷ್ಟೋ ಸಲ ಕಿಟ್ ಹುಚ್ಚುಹುಚ್ಚಾಗಿ ವರ್ತಿಸುವುದಕ್ಕೆ ಅರ್ಥ್ ಸಡಿಲವಿರುವುದೇ ಕಾರಣ.

ಸೋಲ್ಡರ್ ಮಾಡುವ ವಿಧಾನ: ಮೂಲ ವೈರಿನ ಹೊದಿಕೆಯನ್ನು ಸುಮಾರು 2 ಸೆಂ.ಮೀ. ಬಿಡಿಸಿ, ಎಳೆಗಳನ್ನು ಮಧ್ಯೆ ಬೇರ್ಪಡಿಸಿ ಕಿಂಡಿ ಮಾಡಿ, ಹೊಸ ವೈರನ್ನು ಅದರೊಳಗೆ ತೂರಿಸಿ ಸುತ್ತಿ, ಸೋಲ್ಡರ್ ಕೊಡಿ. ಸೋಲ್ಡರ್ ಎಳೆಗಳ ನಡುವೆ ಇಳಿದು ಹೊಳೆಯಬೇಕು. ಬೂದು ಬಣ್ಣದ ಉಂಡೆಯಾಗಿ ಮೇಲೆಯೇ ಕೂತರೆ ಅದು ಹಿಡಿದಿಲ್ಲ, ಮತ್ತೆ ಕಾಯಿಸಿ. ಕತ್ತರಿಸದ ವೈರಿಗೆ ಸ್ಲೀವ್ ತೂರಿಸಲಾಗದು, ಅಲ್ಲಿ ಬಟ್ಟೆಯ ಟೇಪನ್ನು ಮೂರು ಸುತ್ತು ಬಿಗಿಯಾಗಿ ಸುತ್ತಿ ಎರಡೂ ಬದಿ ಟೈ ಹಾಕಿ. ಪ್ಲಾಸ್ಟಿಕ್ಕಿನ ಒತ್ತು-ಕ್ಲಿಪ್ಪುಗಳನ್ನು ಇಗ್ನಿಷನ್ ವೈರಿಗೆ ಬಳಸಲೇಬಾರದು. ಅಷ್ಟು ಕರೆಂಟಿಗೆ ಕಾದು ಕರಗುತ್ತವೆ.

ಎಸಿಸಿ, ಎರಡೂ ಇಗ್ನಿಷನ್, ಕೊನೆಗೆ ಸೆಲ್ಫ್, ಈ ಕ್ರಮದಲ್ಲಿ ಜೋಡಿಸಿ. ಕಿಟ್ಟಿನ ಔಟ್‌ಪುಟ್ ಕಡಿಮೆಯಿದ್ದು ಎರಡನೇ ಇಗ್ನಿಷನ್ ಉಳಿದರೆ ರಿಲೇ ಹಾಕಿ: 30ಕ್ಕೆ ಅದರ ವೈರ್, 87ಕ್ಕೆ ಫ್ಯೂಸ್ ಇರುವ ಪ್ಲಸ್, 85 ಮತ್ತು 86ಕ್ಕೆ ಕಿಟ್ಟಿನ ಸಿಗ್ನಲ್ ಮತ್ತು ಅದಕ್ಕೆ ಎದುರಾದ ಧ್ರುವ. 87ಎ ಖಾಲಿ ಬಿಡಿ. ಫ್ಯೂಸ್‌ಗಳನ್ನು ಇನ್ನೂ ಹಾಕಬೇಡಿ.

ಹಂತ 7: ಇಮ್ಮೊಬಿಲೈಸರ್ ಬೈಪಾಸ್

ಬೈಪಾಸ್ ಡಬ್ಬಿಯೊಳಗೆ ಒಂದು ಸುರುಳಿ, ಒಂದು ರಿಲೇ ಇರುತ್ತವೆ. ಮೂರನೇ ಚಾವಿಯ ಚಿಪ್ಪನ್ನು (ಅಥವಾ ಲೋಹದ ಭಾಗ ಕತ್ತರಿಸಿದ ಚಾವಿಯ ತಲೆಯನ್ನು) ಆ ಸುರುಳಿಯ ಮಧ್ಯೆ ಅಲುಗದಂತೆ ಇಡಿ. ಡಬ್ಬಿಯಿಂದ ಬರುವ ಆಂಟೆನಾ ವೈರನ್ನು ಇಗ್ನಿಷನ್ ರಿಂಗಿನ ಸುತ್ತ 6ರಿಂದ 8 ಸುತ್ತು ಸುತ್ತಿ, ಎಲ್ಲ ಸುತ್ತೂ ಒಂದೇ ದಿಕ್ಕಿನಲ್ಲಿರಲಿ. ರಿಂಗಿಗೆ ಅಂಟಿಕೊಂಡಂತೆ ಕೂತಿರಬೇಕು. ಬೆರಳಗಲ ಹಿಂದೆ ಸರಿದರೂ ಓದುವುದು ತಪ್ಪುತ್ತದೆ. ಸುತ್ತಿದ್ದನ್ನು ಬಟ್ಟೆಯ ಟೇಪಿನಿಂದ ಕಟ್ಟಿ, ಸ್ಟೀರಿಂಗ್ ಕವರ್ ಹಾಕುವಾಗ ಜಾರದಂತೆ ನೋಡಿಕೊಳ್ಳಿ.

ಡಬ್ಬಿಯ ಟ್ರಿಗರ್ ವೈರ್ ಅನ್ನು ಕಿಟ್ಟಿನಲ್ಲಿ ರಿಮೋಟ್ ಸ್ಟಾರ್ಟ್ ನಡೆಯುವಾಗ ಮಾತ್ರ ಅರ್ಥ್ ಕೊಡುವ ಔಟ್‌ಪುಟ್ಟಿಗೆ ಸೇರಿಸಿ. ಇಲ್ಲಿ ಆಗುವ ತಪ್ಪು ದೊಡ್ಡದು. ತಾಳ್ಮೆ ಕೆಟ್ಟವರು ಟ್ರಿಗರನ್ನು ನೇರ ಬಾಡಿ ಅರ್ಥಿಗೆ ಕೊಡುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ, ಸಮಸ್ಯೆ ಬಗೆಹರಿಯಿತು ಎಂದುಕೊಳ್ಳುತ್ತಾರೆ. ಆದರೆ ಈಗ ಚಿಪ್ಪು ಸದಾಕಾಲ ಕೋಡ್ ಹೇಳುತ್ತಿದೆ. ಯಾವ ಲೋಹದ ಚಾವಿ ತಂದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಅಂದರೆ ಕಂಪನಿ ಕೊಟ್ಟ ಭದ್ರತೆ ಅಲ್ಲಿಗೆ ಸತ್ತಂತೆ. ಚಿಪ್ಪನ್ನು ನೇರವಾಗಿ ರಿಂಗಿಗೆ ಅಂಟಿಸುವುದೂ ಅಷ್ಟೇ.

ಡಬ್ಬಿಯನ್ನು ರಿಂಗಿನಿಂದ ಕನಿಷ್ಠ ಒಂದು ಗೇಣು ದೂರ, ಹೀಟರ್ ಪೈಪಿನಿಂದ ಬೇರೆಯಾಗಿ, ಪ್ಯಾನೆಲ್ ಬಿಚ್ಚಿದೊಡನೆ ಕಣ್ಣಿಗೆ ಬೀಳದ ಜಾಗದಲ್ಲಿ ಕಟ್ಟಿ.

ಕಂಪನಿಯದೇ ಅಲಾರಂ ಇರುವ ಗಾಡಿಗೆ ಇನ್ನೊಂದು ಜೋಡಣೆ ಬೇಕು. ಲಾಕ್ ಆದ ಗಾಡಿಯಲ್ಲಿ ಇಗ್ನಿಷನ್ ಆನ್ ಆದರೆ ಅಲಾರಂ ಕೂಗುತ್ತದೆ. ಕಿಟ್ಟಿನ ‘ಡಿಸಾರ್ಮ್’ ಔಟ್‌ಪುಟ್ ಅನ್ನು ಅಲಾರಂ ಆಫ್ ಮಾಡುವ ವೈರಿಗೆ, ಹೆಚ್ಚಾಗಿ ಚಾಲಕನ ಬಾಗಿಲಿನ ಲಾಕಿನ ಸ್ವಿಚ್ಚಿನಿಂದ ಬರುವುದಕ್ಕೆ, ಕೊಡಿ. ಇಂಜಿನ್ ಹತ್ತಿದ ಮೇಲೆ ಬಾಗಿಲು ಮತ್ತೆ ಲಾಕ್ ಆಗುವಂತೆ ಸೆಟ್ ಮಾಡುವುದನ್ನು ಮರೆಯಬೇಡಿ.

ಹಂತ 8: ಆರ್‌ಪಿಎಂ ಕಲಿಸಿ

ಸೆಲ್ಫನ್ನು ಯಾವಾಗ ಬಿಡಬೇಕೆಂದು ಕಿಟ್ಟಿಗೆ ಗೊತ್ತಾಗುವುದು ಆರ್‌ಪಿಎಂ ವೈರಿನಿಂದ. ಬ್ಯಾಟರಿ ಹಾಕಿ, ಫ್ಯೂಸ್ ಹಾಕಿ, ಚಾವಿಯಿಂದ ಇಂಜಿನ್ ಸ್ಟಾರ್ಟ್ ಮಾಡಿ, ಐಡಲ್ ಸ್ಥಿರವಾದ ಮೇಲೆ ಕಿಟ್ಟಿನ ಪುಸ್ತಕದಂತೆ ಕಲಿಸುವ ಬಟನ್ ಒತ್ತಿ. ವೈರ್ ಹುಡುಕಲು ಬೇಸತ್ತವರು ‘ವೋಲ್ಟೇಜ್ ಮೋಡ್’ ಆರಿಸುತ್ತಾರೆ. ಇಂಜಿನ್ ಹತ್ತಿದರೆ 12.5ರ ಸುತ್ತ ಇದ್ದ ವೋಲ್ಟೇಜ್ 14ಕ್ಕೆ ಏರುತ್ತದೆ ಎಂಬ ಲೆಕ್ಕ ಅದು. ಸ್ಮಾರ್ಟ್ ಹೈಬ್ರಿಡ್ ಗಾಡಿಗಳಲ್ಲಿ ಚಾರ್ಜಿಂಗ್ ವೋಲ್ಟೇಜ್ ಏರಿಳಿಯುತ್ತಲೇ ಇರುತ್ತದೆ, ಅಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಅರ್ಧ ಗಂಟೆ ಹೆಚ್ಚಾದರೂ ಆರ್‌ಪಿಎಂ ವೈರನ್ನೇ ಹುಡುಕಿ.

ಡೀಸೆಲ್ ಗಾಡಿಗೆ ಹೀಟರ್ ಪ್ಲಗ್ ಕಾಯುವ ಸಮಯ ಸೆಟ್ ಮಾಡಿ. ಇಗ್ನಿಷನ್ ಆನ್ ಆದ ಮೇಲೆ ಸೆಲ್ಫ್ ಹೊಡೆಯುವ ಮೊದಲು 5ರಿಂದ 10 ಸೆಕೆಂಡ್ ಸಾಕು. ಓಡುವ ಅವಧಿ 10 ನಿಮಿಷ ಮೀರದಿರಲಿ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುತ್ತದೆ. ನಿಂತಲ್ಲೇ ಬಹಳ ಹೊತ್ತು ಓಡಿಸಿದರೆ ಅದರಲ್ಲಿ ಮಸಿ ಕಟ್ಟುತ್ತದೆ. ಅಂಥ ಗಾಡಿಗೆ 5 ನಿಮಿಷ ಇಡಿ.

ಹಂತ 9: ಪ್ಯಾನೆಲ್ ಮುಚ್ಚುವ ಮೊದಲು ಪರೀಕ್ಷೆ

ಸಮತಟ್ಟಾದ ತೆರೆದ ಜಾಗ, ನಾಲ್ಕೂ ಗಾಲಿಗೆ ಕಲ್ಲು, ಮುಂದೆ ಹಿಂದೆ ಯಾರೂ ಇರಬಾರದು.

1. ರಿಮೋಟಿನಿಂದ ಸ್ಟಾರ್ಟ್ ಮಾಡಿ. ಇಂಜಿನ್ ಹತ್ತಿ ಪೂರ್ತಿ ಅವಧಿ ಓಡಿ ತಾನಾಗಿ ನಿಲ್ಲಬೇಕು.

2. ಮತ್ತೆ ಸ್ಟಾರ್ಟ್ ಮಾಡಿ ಬ್ರೇಕ್ ತುಳಿಯಿರಿ. ತಕ್ಷಣ ನಿಲ್ಲಬೇಕು.

3. ಓಡುತ್ತಿರುವಾಗ ಬಾನೆಟ್ ಎತ್ತಿ. ನಿಲ್ಲಬೇಕು, ಎತ್ತಿಟ್ಟಿರುವಾಗ ಮತ್ತೆ ಸ್ಟಾರ್ಟ್ ಆಗಬಾರದು.

4. ಆಟೋಮ್ಯಾಟಿಕ್: ಇಂಜಿನ್ ಆಫ್ ಇರುವಾಗ ಹ್ಯಾಂಡ್‌ಬ್ರೇಕ್ ಎಳೆದು, ಇಗ್ನಿಷನ್ ಆನ್ ಮಾಡಿ ಲಿವರನ್ನು ‘ಡಿ’ಗೆ ತನ್ನಿ. ಚಾವಿ ತೆಗೆಯಲು ಬರದಿದ್ದರೆ ಹೋದಷ್ಟು ಆಫ್ ಕಡೆಗೆ ತಿರುಗಿಸಿ ಸಾಕು. ಸೀಟಿನಲ್ಲಿ ಕೂತು ಕಾಲನ್ನು ಬ್ರೇಕಿನ ಮೇಲೆ ತುಳಿಯದೆ ಸಿದ್ಧವಿಟ್ಟುಕೊಂಡು ರಿಮೋಟ್ ಒತ್ತಿ. ಸೆಲ್ಫ್ ಹೊಡೆಯಬಾರದು. ಒಂದು ಸಲ ಹೊಡೆದರೂ ಸಾಕು, ಫ್ಯೂಸ್ ಕಿತ್ತು ಸೆಲ್ಫ್ ವೈರ್ ಮತ್ತೆ ಪರೀಕ್ಷಿಸಿ. ನೀವು ಜೋಡಿಸಿದ ಜಾಗ ಗೇರ್ ಸ್ವಿಚ್ಚನ್ನು ದಾಟಿ ಮುಂದಿದೆ ಎಂದರ್ಥ.

5. ಮ್ಯಾನ್ಯುಯಲ್: ರಿಸರ್ವೇಷನ್ ಮಾಡಿ ಲಾಕ್ ಮಾಡಿದ ಮೇಲೆ ಒಂದೊಂದೇ ಬಾಗಿಲು ತೆರೆದು ಮುಚ್ಚಿ ರಿಮೋಟ್ ಒತ್ತಿ. ಡಿಕ್ಕಿಯೂ ಸೇರಿ ಯಾವುದನ್ನು ತೆರೆದರೂ ಸ್ಟಾರ್ಟ್ ಆಗಬಾರದು.

6. ಈಗ ಲೋಹದ ಚಾವಿಯ ಎರಡನೇ ಉಪಯೋಗ. ರಿಮೋಟ್ ಮುಟ್ಟದೆ ಲೋಹದ ಚಾವಿಯಿಂದ ಸ್ಟಾರ್ಟ್ ಮಾಡಿ. ಇಂಜಿನ್ ಓಡಬಾರದು. ಓಡಿದರೆ ಬೈಪಾಸ್ ಸದಾ ತೆರೆದಿದೆ, 7ನೇ ಹಂತಕ್ಕೆ ವಾಪಸ್ ಹೋಗಿ.

7. ಎರಡೂ ಮೂಲ ಚಾವಿಯಿಂದ ಎಂದಿನಂತೆ ಸ್ಟಾರ್ಟ್ ಆಗುತ್ತದೆಯೇ ನೋಡಿ.

ಕೊನೆಗೆ ಬ್ಯಾಟರಿ ಸೋರಿಕೆ. ಮೀಟರನ್ನು 10 ಆಂಪ್ ಸ್ಥಾನದಲ್ಲಿ ಮೈನಸ್ ಟರ್ಮಿನಲ್ ಮತ್ತು ಕೇಬಲ್ ನಡುವೆ ಸೇರಿಸಿ, ಬಾನೆಟ್ ಸ್ವಿಚ್ಚನ್ನು ಒತ್ತಿ ಕಟ್ಟಿ, ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಡಿ. 50 ಮಿಲಿಆಂಪ್ ಒಳಗಿದ್ದರೆ ಸರಿ. 100 ಇದ್ದರೆ ದಿನಕ್ಕೆ 2.4 ಆಂಪ್-ಅವರ್ ಹೋಗುತ್ತದೆ, 35 ಆಂಪ್-ಅವರಿನ ಸಣ್ಣ ಬ್ಯಾಟರಿ ಹತ್ತು ದಿನ ನಿಂತರೆ ಸೆಲ್ಫ್ ಹೊಡೆಯುವುದಿಲ್ಲ. ಮೀಟರ್ ಹೀಗೆ ಸೇರಿಸಿರುವಾಗ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಏನಾದರೆ ಏನು ಅರ್ಥ

ಇಂಜಿನ್ ಹತ್ತಿ ಎರಡು ಸೆಕೆಂಡಿಗೆ ಆಫ್, ಚಾವಿ ದೀಪ ಮಿಟುಕು: ಚಿಪ್ಪು ಓದುತ್ತಿಲ್ಲ. ಸುರುಳಿ ಸರಿದಿದೆ, ಟ್ರಿಗರ್ ಬಂದಿಲ್ಲ, ಅಥವಾ ಡಬ್ಬಿಯಲ್ಲಿ ಚಿಪ್ಪು ಅಡ್ಡವಾಗಿ ಕೂತಿದೆ. ದೀಪ ಮಿಟುಕದೆ ಆಫ್ ಆದರೆ ಹೆಚ್ಚಾಗಿ ಇಮ್ಮೊಬಿಲೈಸರ್ ಕಾರಣವಲ್ಲ, ಆರ್‌ಪಿಎಂ ಕಲಿತಿಲ್ಲ ಅಥವಾ ಇಗ್ನಿಷನ್ ವೈರ್ ಒಂದು ಬಿಟ್ಟಿದೆ.

ಇಂಜಿನ್ ಹತ್ತಿದ ಮೇಲೂ ಕರಕರ ಸದ್ದು: ಸೆಲ್ಫ್ ಬಿಡುತ್ತಿಲ್ಲ. ಆ ಕ್ಷಣವೇ ಫ್ಯೂಸ್ ಕೀಳಿ. ಇನ್ನೆರಡು ಸಲ ಪ್ರಯತ್ನಿಸಿ ನೋಡೋಣ ಎಂದರೆ ಫ್ಲೈವೀಲಿನ ಹಲ್ಲು ಹೋಗುತ್ತದೆ, ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು.

ಸೆಲ್ಫೇ ಹೊಡೆಯುತ್ತಿಲ್ಲ: ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿಯೇ ನೋಡಿ. ಆ ಸ್ವಿಚ್ಚನ್ನು ಸದಾಕಾಲ ಸೇರಿಸಿಬಿಡಬೇಡಿ, ರಿಮೋಟ್ ಸ್ಟಾರ್ಟಿನ ಕ್ಷಣದಲ್ಲಿ ಮಾತ್ರ ರಿಲೇಯಿಂದ ಸೇರುವಂತೆ ಮಾಡಿ.

ಏರ್‌ಬ್ಯಾಗ್ ದೀಪ ಹತ್ತೇ ಇದೆ: ಹೆಚ್ಚಾಗಿ ಹಳದಿ ಕಪ್ಲರ್ ಬಿಚ್ಚಿರುವಾಗ ಯಾರೋ ಇಗ್ನಿಷನ್ ಆನ್ ಮಾಡಿರುತ್ತಾರೆ. ಸ್ಕ್ಯಾನರಿನಲ್ಲಿ ಕೋಡ್ ಅಳಿಸಬೇಕು. ದೀಪ ಹತ್ತಿರುವವರೆಗೆ ಏರ್‌ಬ್ಯಾಗ್ ಕೆಲಸ ಮಾಡುತ್ತದೆಂದು ನಂಬಬೇಡಿ.

ಪವರ್ ಸ್ಟೀರಿಂಗ್ ದೀಪ ಹತ್ತಿದೆ, ಎಸಿ ಓಡುತ್ತಿಲ್ಲ: ಎರಡನೇ ಇಗ್ನಿಷನ್ ವೈರ್ ಬಿಟ್ಟಿದೆ.

ದಿನಬಳಕೆಯಲ್ಲಿ

ರಿಮೋಟಿನಿಂದ ಸ್ಟಾರ್ಟ್ ಮಾಡಿದ ಗಾಡಿಯೊಳಗೆ ಕೂತ ಮೇಲೆ ಚಾವಿ ಹಾಕಿ ‘ಆನ್’ಗೆ ಮಾತ್ರ ತಿರುಗಿಸಿ, ಸ್ಟಾರ್ಟಿಗೆ ಒಯ್ಯಬೇಡಿ. ಆಮೇಲೆ ಬ್ರೇಕ್ ತುಳಿಯಿರಿ. ಕಿಟ್ ಬಿಟ್ಟುಕೊಡುತ್ತದೆ, ಇಂಜಿನ್ ನಿಲ್ಲದೆ ಚಾವಿಯ ಮೇಲೆ ಓಡುತ್ತದೆ. ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಇದನ್ನು ಒಮ್ಮೆ ಮಾಡಿ ತೋರಿಸಿ. ಸ್ಟೀರಿಂಗ್ ಲಾಕ್ ಬಿಡುವುದೂ ಚಾವಿ ತಿರುಗಿಸಿದಾಗಲೇ.

ಹಿಂದಿನ ರಾತ್ರಿ ಇಳಿಯುವಾಗಲೇ ಎಸಿ ಬಟನ್ ಆನ್, ಬ್ಲೋವರ್ 2ರಲ್ಲಿ, ಗಾಳಿ ಒಳಗೇ ಸುತ್ತುವಂತೆ ಇಟ್ಟು ಬನ್ನಿ. ರಿಮೋಟಿಗೆ ಈ ಗುಂಡಿಗಳನ್ನು ತಿರುಗಿಸಲು ಬರುವುದಿಲ್ಲ. ಮಕ್ಕಳನ್ನೋ ವಯಸ್ಸಾದವರನ್ನೋ ಗಾಡಿಯಲ್ಲಿ ಕೂರಿಸಿ ರಿಮೋಟ್ ಸ್ಟಾರ್ಟಿನ ಎಸಿ ನಂಬಿ ಅಂಗಡಿಗೆ ಹೋಗಬೇಡಿ, ಅವಧಿ ಮುಗಿದೊಡನೆ ಎಸಿಯೂ ನಿಲ್ಲುತ್ತದೆ.

ಸರ್ವಿಸಿಗೆ ಬಿಡುವಾಗ ವ್ಯಾಲೆಟ್ ಮೋಡ್ (ರಿಮೋಟ್ ಸ್ಟಾರ್ಟನ್ನು ತಾತ್ಕಾಲಿಕವಾಗಿ ಬಂದ್ ಮಾಡುವ ಸೆಟ್ಟಿಂಗ್) ಹಾಕಿ, ರಿಮೋಟ್ ಮನೆಯಲ್ಲೇ ಇಟ್ಟು ಹೋಗಿ. 4ನೇ ಹಂತದಲ್ಲಿ ಬರೆದ ಹಾಳೆಯ ಒಂದು ನಕಲು ಗ್ಲೋವ್‌ಬಾಕ್ಸಿನಲ್ಲಿರಲಿ, ಆದರೆ ಬೈಪಾಸ್ ಡಬ್ಬಿ ಎಲ್ಲಿದೆ ಎಂಬುದನ್ನು ಆ ನಕಲಿನಲ್ಲಿ ಬರೆಯಬೇಡಿ.